ದಿಡಗಿನ ಸೀರೆ

ನಮ್ಮ ಗಜೇಂದ್ರಗಡದ ನೇಕಾರ ಓಣಿಯಲ್ಲಿ ಪರಪ್ಪನಷ್ಟು ಚೆನ್ನಾಗಿ ನೇಯುವವರು ಬಹಳ ಜನ ಇದ್ದರು. ಅವನಷ್ಟು ಮಾತಾಡುತ್ತ ನೇಯುವವರು ಮಾತ್ರ ಯಾರೂ ಇರಲಿಲ್ಲ. ಕುಣಿಮಗ್ಗದಲ್ಲಿ ಸೊಂಟದವರೆಗೆ ಇಳಿದು ಕೂತನೆಂದರೆ ಅವನ ಕಾಲು ಮಗ್ಗ ತುಳಿಯುತ್ತಿತ್ತು, ಕೈ ಲಾಳಿ ಎಸೆಯುತ್ತಿತ್ತು, ಬಾಯಿ ದೇಶ ಆಳುತ್ತಿತ್ತು. ನನ್ನ ಮಗ್ಗ ಅವನ ಗೋಡೆಯ ಈಚೆಗಿದೆ. ಆ ಗೋಡೆಯನ್ನು ಕಟ್ಟಿದವರು ಅರ್ಧಕ್ಕೇ ಬಿಟ್ಟಿದ್ದಾರೆ. ಅದನ್ನು ಸೂರಿನವರೆಗೆ ಎತ್ತಿಸಬೇಕೆಂದು ನಾನು ಮದುವೆಯಾದಾಗಿನಿಂದ ಅಂದುಕೊಳ್ಳುತ್ತಿದ್ದೇನೆ.

ಇಷ್ಟೆಲ್ಲ ಮಾತು ಬಲ್ಲ ಪರಪ್ಪನಿಗೆ ಒಂದೇ ಒಂದು ಮಾತು ಬರುತ್ತಿರಲಿಲ್ಲ. ‘ತಪ್ಪಾತು’ ಎಂಬುದೇ ಆ ಮಾತು. ಒಮ್ಮೆ ಗದಗಿಗೆ ಹೋಗಬೇಕಾದವನು ಕುಷ್ಟಗಿಯ ಮೋಟಾರು ಹತ್ತಿ ಕೂತ. ಕಂಡಕ್ಟರು ಕೇಳಿದಾಗ, ಕುಷ್ಟಗಿಯಲ್ಲಿ ತನಗೆ ತುರ್ತು ಕೆಲಸವಿದೆ ಎಂದ. ಅಲ್ಲಿ ಇಳಿದು, ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಹೊತ್ತು ಕಳೆದು, ಸಂಜೆಗೆ ತಿರುಗಿ ಬಂದು, ಕುಷ್ಟಗಿ ಬಹಳ ಸುಧಾರಿಸಿದೆ ಎಂದು ಓಣಿಗೆಲ್ಲ ವರದಿ ಒಪ್ಪಿಸಿದ. ಗದಗಿನಲ್ಲಿ ಅವನಿಗಾಗಿ ಕಾಯುತ್ತಿದ್ದ ಮಾವನ ಗತಿ ಏನಾಯಿತೆಂದು ಯಾರೂ ಕೇಳಲಿಲ್ಲ.

ಈಗ ನೀರಿನ ವಿಷಯ. ನಮ್ಮ ಓಣಿಯ ಬಾವಿಯ ನೀರು ಸವಳು. ಅದು ಪಾತ್ರೆ ತೊಳೆಯುವುದಕ್ಕೂ ಪರವೂರಿನ ಬೀಗರನ್ನು ಬೇಗ ಕಳಿಸುವುದಕ್ಕೂ ಬರುತ್ತದೆ, ಇನ್ನೇನಕ್ಕೂ ಬರುವುದಿಲ್ಲ. ಸಿಹಿನೀರು ಬೇಕೆಂದರೆ ಹೆಂಗಸರು ಊರು ಬಿಟ್ಟು, ಗುಡ್ಡದ ಬುಡ ಸುತ್ತಿ, ಆಚೆಯ ಹಳೆಯ ತೋಟದ ಬಾವಿಗೆ ಹೋಗಬೇಕು. ತಲೆಯ ಮೇಲೆ ಒಂದು ಕೊಡ, ಟೊಂಕದ ಮೇಲೆ ಒಂದು ಕೊಡ, ಹೆಗಲಿಗೆ ಹಗ್ಗ. ಪರಪ್ಪನ ಹೆಂಡತಿ ವೀರವ್ವ ಮತ್ತು ಎದುರುಮನೆಯ ಗಾಡಿ ಇಸ್ಮಾಯಿಲಸಾಬನ ಹೆಂಡತಿ ಮಾಸುಮಬಿ ಯಾವಾಗಲೂ ಜೋಡಿಯಾಗಿಯೇ ಹೋಗುತ್ತಿದ್ದರು. ಮದುವೆಯಾಗಿ ಬಂದ ವಾರದಿಂದ ಅವರಿಬ್ಬರೂ ಆ ದಾರಿ ನಡೆಯುತ್ತಿದ್ದರು. ನಡೆದು ನಡೆದು ಈಗ ಅವರಿಗೆ ಮಾತಾಡುವ ವಿಷಯ ಕೂಡ ಉಳಿದಿರಲಿಲ್ಲ.

ರಾಜ್ಯ ಒಂದಾದ ಮರುವರ್ಷ ಒಂದು ಸುದ್ದಿ ಬಂತು. ರೋಣಕ್ಕೆ ಹೊಸದಾಗಿ ಬಂದ ಅಧಿಕಾರಿಗಳು ಈ ಸಲ ಒಂದು ಸಿಹಿನೀರಿನ ಬಾವಿ ತೋಡಿಸುತ್ತಾರಂತೆ. ಒಂದೋ ನಮ್ಮ ಓಣಿಗೆ, ಇಲ್ಲವೇ ಆಚೆಯ ಒಂದು ಹಳ್ಳಿಗೆ. ಯಾರಿಗೆ ಹೆಚ್ಚು ತ್ರಾಸವಿದೆ ಎಂದು ಸಾಹೇಬರು ಸ್ವತಃ ಬಂದು ನೋಡಿ ತೀರ್ಮಾನ ಮಾಡುತ್ತಾರಂತೆ. ತ್ರಾಸದ ವಿಷಯದಲ್ಲಿ ನಮ್ಮನ್ನು ಯಾರೂ ಸೋಲಿಸಲಾರರು ಎಂದು ಓಣಿಗೆಲ್ಲ ಹೆಮ್ಮೆಯೇ ಬಂತು. ಸಾಹೇಬರನ್ನು ತೋಟದ ಬಾವಿಯವರೆಗೆ ನಡೆಸಿಯೇ ತೋರಿಸಬೇಕೆಂದು ಹೆಂಗಸರು ನಿಶ್ಚಯಿಸಿದರು. ಸಾಹೇಬರಿಗೆ ಏನು ಹೇಳಬೇಕೆಂದು ವೀರವ್ವ ದಾರಿಯುದ್ದಕ್ಕೂ ಬಾಯಿಪಾಠ ಮಾಡತೊಡಗಿದಳು. ಮಾಸುಮಬಿ ಸಾಹೇಬನಾಗಿ ನಿಂತು ಪ್ರಶ್ನೆ ಕೇಳುತ್ತಿದ್ದಳು. ಇಬ್ಬರಿಗೂ ಮತ್ತೆ ಮಾತಿಗೆ ವಿಷಯ ಸಿಕ್ಕಿತು.

ಇದೆಲ್ಲ ಸರಿಯಾಗಿಯೇ ನಡೆಯುತ್ತಿತ್ತು, ಪರಪ್ಪನ ಲಾಳಿ ಒಂದು ಬಿಟ್ಟು.

ನೇಕಾರನ ಮನೆಯಲ್ಲಿ ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆ ಸುತ್ತಿ ಕೊಡುವವಳು ಹೆಂಡತಿ. ಆ ದಿನ ವೀರವ್ವ ನೀರಿಗೆ ಹೋಗಿದ್ದಳು, ತೋಟದವನು ಬಾವಿಗೆ ಪಾಳಿ ಹಚ್ಚಿದ್ದರಿಂದ ತಡವಾಯಿತು. ಮಗ್ಗದ ಮೇಲಿದ್ದದ್ದು ಕರಿಯ ಸೀರೆ. ಪರಪ್ಪ ಗೋಡೆಯ ಮೇಲಿಂದ ನನಗೆ ಹೊಸ ರಾಜ್ಯದ ಲಾಭಗಳನ್ನು ವಿವರಿಸುತ್ತಿದ್ದ. ಜೋಗದ ನೀರು ಕೂಡ ಈಗ ನಮ್ಮದೇ, ಬೇಕೆಂದಾಗ ಹೋಗಿ ನೋಡಬಹುದು ಎನ್ನುತ್ತ, ಬುಟ್ಟಿಗೆ ಕೈ ಹಾಕಿ, ಸೆರಗಿಗೆಂದು ಇಟ್ಟಿದ್ದ ಬಿಳಿ ಕಂಡಿಕೆ ಎತ್ತಿ ಲಾಳಿಗೆ ಹಾಕಿಬಿಟ್ಟ. ಜೋಗ ಮುಗಿದು ಕೆಳಗೆ ನೋಡುವಷ್ಟರಲ್ಲಿ ಕರಿಯ ಒಡಲಿನ ನಡುವೆ ಗೇಣಗಲದ ಬಿಳಿ ಪಟ್ಟಿ ಕೂತಿತ್ತು. ಬಿಚ್ಚಬಹುದಿತ್ತು. ಆದರೆ ಬಿಚ್ಚುವುದೆಂದರೆ ತಪ್ಪಾಯಿತೆಂದು ಒಪ್ಪಿದಂತೆ. ಅವನು ಕರಿ ಕಂಡಿಕೆ ಹಾಕಿ ಮುಂದೆ ನೇಯ್ದ.

ನೂಲು ಕೊಟ್ಟು ಸೀರೆ ಒಯ್ಯುವ ಮಲ್ಲೇಶಪ್ಪ ಸಾವಕಾರರು ಸೀರೆಯ ಮಡಿಕೆ ಬಿಚ್ಚಿ ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು.

“ಇದೇನೋ ಪರಪ್ಪ, ಕರೀ ಒಡಲಾಗ ಬಿಳೀ ಪಟ್ಟಿ?”

“ಪಟ್ಟಿ ಅಲ್ರಿ ಸಾವಕಾರ್ರ. ದಿಡಗು. ಉಟ್ಟು ನಿಂತ್ರ ಗೊತ್ತಾಗತೈತಿ.”

ಮೇಲಿನಿಂದ ಧುಮುಕುವ ನೀರಿಗೆ ನಮ್ಮ ಕಡೆ ದಿಡಗು ಎನ್ನುತ್ತಾರೆ. ಮಾತು ಸುಳ್ಳಾದರೂ ಅದರಲ್ಲಿ ಕಸುಬಿನ ಸತ್ಯವಿತ್ತು. ಮಗ್ಗದ ಮೇಲೆ ಅಡ್ಡಲಾಗಿ ಕಾಣುವ ಹೊಕ್ಕಿನ ಎಳೆ, ಸೀರೆ ಉಟ್ಟಾಗ ಟೊಂಕದಿಂದ ಪಾದದವರೆಗೆ ನೆಟ್ಟಗೆ ಇಳಿಯುತ್ತದೆ. ಸಾವಕಾರರು ಸೀರೆಯನ್ನು ಗೋಡೆಗೆ ಹಾಗೆ ಹಿಡಿಸಿ ನೋಡಿದರು. ಕರಿಯ ಬಂಡೆಯ ಮೇಲಿಂದ ಬಿಳಿಯ ನೀರು ಬೀಳುತ್ತಿತ್ತು. ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಹೆಸರಿಲ್ಲದ ಪಟ್ಟಿ ತಪ್ಪು, ಹೆಸರು ಬಿದ್ದ ಪಟ್ಟಿ ನಮೂನೆ. ಈಗ ಸೀಮೆಯೆಲ್ಲ ಉಡುವ ಎಷ್ಟು ನಮೂನೆಗಳು ಯಾರ ಯಾರ ನಿದ್ದೆಗಣ್ಣಿನಲ್ಲಿ ಹುಟ್ಟಿದವೋ ಅವುಗಳನ್ನು ನೇಯ್ದವರಿಗೇ ಗೊತ್ತು.

ಆದರೆ ಸಾವಕಾರರು ವ್ಯಾಪಾರಸ್ಥರು, ನಮೂನೆಯ ಜೊತೆ ಅದರ ಕಥೆಯೂ ಬೇಕು. ದಿಡಗನ್ನು ಎಲ್ಲಿ ನೋಡಿದೆ ಎಂದು ಕೇಳಿದರು. ಜೋಗ ಎನ್ನುವಂತಿರಲಿಲ್ಲ, ಪರಪ್ಪ ಕುಷ್ಟಗಿಯಿಂದಾಚೆ ಹೋದವನಲ್ಲ ಎಂದು ಊರಿಗೆಲ್ಲ ಗೊತ್ತು. ಅದಕ್ಕೆ, ನಮ್ಮ ಗುಡ್ಡದ ಸಾಲಿನ ಹಿಂದೆ, ದನಗಾಹಿಗಳೂ ಕಾಲಿಡದ ಕಾಡಿನಲ್ಲಿ, ಬೇಸಗೆಯಲ್ಲೂ ಬತ್ತದ ದಿಡಗು ಇದೆ, ಒಮ್ಮೆ ದಾರಿ ತಪ್ಪಿ ಹೋದಾಗ ಕಂಡೆ ಎಂದ. ದಾರಿ ತಪ್ಪಿದ್ದನ್ನು ಅವನು ಒಪ್ಪಿಕೊಂಡದ್ದು ಅದೇ ಮೊದಲು. ಆಗಲೇ ನನಗೆ ಸಂಶಯ ಬರಬೇಕಾಗಿತ್ತು.

ಆ ಸೀರೆ ರೋಣಕ್ಕೆ ಹೋಗಿ, ಬೇರೆ ಯಾರ ಮೈಮೇಲೂ ಅಲ್ಲ, ಬಾವಿಯ ಸಾಹೇಬರ ಹೆಂಡತಿಯ ಮೈಮೇಲೆ ಕೂತಿತು. ಸಾಹೇಬರು ಬಹಳ ಮಳೆ ಬೀಳುವ ಸೀಮೆಯಿಂದ ಬಂದವರು. ನಮ್ಮ ಎರಿನೆಲದ ಧೂಳು ತಿಂದು ತಿಂದು, ಹರಿಯುವ ನೀರಿನ ಕನಸು ಕಾಣುತ್ತಿದ್ದರಂತೆ. ಸೀರೆಯ ಕಥೆ ಕೇಳಿದ್ದೇ ಮಲ್ಲೇಶಪ್ಪನವರಿಗೆ ಹೇಳಿ ಕಳಿಸಿದರು: ಬರುವ ಅಮಾವಾಸ್ಯೆಗೆ ಗಜೇಂದ್ರಗಡಕ್ಕೆ ಬರುತ್ತೇನೆ, ಮೊದಲು ಜಲಪಾತ, ಆಮೇಲೆ ಬಾವಿ.

ಓಣಿ ಹಿಗ್ಗಿತು. ಸಾಹೇಬರು ಖುಷಿಯಾದರೆ ಬಾವಿ ಕೈಯಲ್ಲಿದ್ದಂತೆಯೇ ಎಂದು ಹಿರಿಯರು ಲೆಕ್ಕ ಹಾಕಿದರು. ಇಷ್ಟು ದಿನ ಪರಪ್ಪನ ಮಾತಿಗೆ ಕಿವಿ ಮುಚ್ಚಿಕೊಂಡವರೆಲ್ಲ ಅವನ ಕಟ್ಟೆಗೆ ಬಂದು ಕೂತು, ದಿಡಗಿನ ಎತ್ತರ ಎಷ್ಟು, ಸಪ್ಪಳ ಹ್ಯಾಗೆ ಎಂದು ಕೇಳಿದರು. ಅವನು ಮೊದಲ ದಿನ ಎರಡಾಳು ಎತ್ತರ ಹೇಳಿದ್ದ, ಮೂರನೆಯ ದಿನಕ್ಕೆ ಅದು ಗಡದ ಬುರುಜಿಗಿಂತ ಮೇಲೇರಿತು. ಇದ್ದಕ್ಕಿದ್ದಂತೆ ಇನ್ನಿಬ್ಬರು ಹಿರಿಯರಿಗೆ ತಾವೂ ಚಿಕ್ಕಂದಿನಲ್ಲಿ ಅದನ್ನು ನೋಡಿದ ನೆನಪಾಯಿತು.

ವೀರವ್ವ ಮಾತ್ರ ಒಂದು ಮಧ್ಯಾಹ್ನ ರಾಟೆ ನಿಲ್ಲಿಸಿ ಗಂಡನನ್ನು ಕೇಳಿದಳು. ಅರ್ಧ ಗೋಡೆಯಾದ್ದರಿಂದ ನನಗೂ ಕೇಳಿಸಿತು.

“ಖರೇ ಹೇಳ್ರಿ. ಐತ್ರಿ ಅದು?”

“ಐತಿ.”

“ಹಗ್ಗ ಬೇಕಾಗೂದಿಲ್ಲಲ್ಲ ಅಲ್ಲೆ?”

“ಹಗ್ಗ ಯಾಕ? ಮ್ಯಾಲಿಂದ ತಾನ ಬೀಳತೈತಿ. ಕೊಡ ಹಿಡದ್ರ ಆತು.”

ರಾಟೆ ಮತ್ತೆ ಸಪ್ಪಳ ಮಾಡತೊಡಗಿತು. ಆಮೇಲೆ ಅವಳು, ಹಂಗಂದ್ರ ನಾನೂ ಬರತೀನ್ರಿ, ಯಾರೂ ಸೇದದ ನೀರು ಒಮ್ಮೆ ನೋಡಬೇಕು ಎಂದಳು. ಗಂಡನ ಒಂದು ಮಾತನ್ನೂ ನಂಬದೆ ಬಾಳ್ವೆ ಮಾಡಿದ ಹೆಂಗಸು, ನಂಬಿದ್ದು ಈ ಮಾತನ್ನು. ಪರಪ್ಪ ಆಗಲೇ ಬಾಯಿಬಿಡಬೇಕಾಗಿತ್ತು. ಬಿಡಲಿಲ್ಲ. ಆ ಹೊತ್ತಿನ ಅವನ ಮೌನಕ್ಕೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ಬಂದ್. ಹೀಗಾಗಿ ಓಣಿಗೆ ಓಣಿಯೇ ಹೊರಟಿತು. ಸಾಹೇಬರು ಬೂಟು, ಟೋಪಿ, ಕೋಲು ಸಮೇತ ಬಂದರು. ಅವರ ಸಿಪಾಯಿ ಕೊಡೆ ಹಿಡಿದು ನೆರಳನ್ನು ಸಾಹೇಬರ ಹಿಂದೆ ಹಿಂದೆ ಒಯ್ಯುತ್ತಿದ್ದ, ಅವರ ಮೇಲೆ ಮಾತ್ರ ಬೀಳಿಸಲಾಗುತ್ತಿರಲಿಲ್ಲ. ಮಲ್ಲೇಶಪ್ಪನವರು ಇಸ್ಮಾಯಿಲಸಾಬನ ಗಾಡಿಯಲ್ಲಿ, ಅವರ ಪಕ್ಕದಲ್ಲಿ ಬುತ್ತಿಯ ಗಂಟು. ಎಲ್ಲರ ಹಿಂದೆ ವೀರವ್ವ, ಮಾಸುಮಬಿ ಮತ್ತು ಹತ್ತಾರು ಹೆಂಗಸರು, ಟೊಂಕದ ಮೇಲೆ ಖಾಲಿ ಕೊಡ. ಹೇಗೂ ಹೋಗುತ್ತೇವೆ, ಬರುವಾಗ ತುಂಬಿಕೊಂಡೇ ಬರೋಣ ಎಂದು ಅವರ ಲೆಕ್ಕ. ಹಗ್ಗ ಮಾತ್ರ ಯಾರೂ ತಂದಿರಲಿಲ್ಲ.

ಗಾಡಿ ಗುಡ್ಡದ ಬುಡದಲ್ಲಿ ನಿಂತಿತು. ಮುಂದೆ ಕವಳಿ ಕಂಟಿ, ಜಾಲಿ ಮುಳ್ಳು, ಕಾದ ಬಂಡೆ. ಪರಪ್ಪನ ಯೋಜನೆ ಸರಳವಾಗಿತ್ತು: ಸಾಹೇಬರು ದಣಿಯುವವರೆಗೆ ನಡೆಸುವುದು, ದಣಿದ ಕೂಡಲೇ ದಿಡಗು ಇನ್ನೂ ಬಹಳ ದೂರ ಎನ್ನುವುದು. ಸಾಹೇಬರು ದಣಿಯಲಿಲ್ಲ. ಅವರು ಹುಟ್ಟಿದ್ದೇ ಗುಡ್ಡಗಾಡಿನಲ್ಲಂತೆ. ದಣಿದದ್ದು ನಾವು. ಜೀವಮಾನವೆಲ್ಲ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವರಿಗೆ ಆ ಕಾಲು ನಡೆಯುವುದಕ್ಕೂ ಇದೆ ಎಂಬುದು ಮರೆತುಹೋಗಿರುತ್ತದೆ. ಮೊದಲ ಏರಿಗೆ ಅರ್ಧ ಓಣಿ ಕೂತಿತು. ಎರಡನೆಯ ಏರಿಗೆ ಮಲ್ಲೇಶಪ್ಪನವರನ್ನು ಇಬ್ಬರು ಹಿಂದಿನಿಂದ ನೂಕಬೇಕಾಯಿತು. ಅವರು ಉಸಿರು ಸಿಕ್ಕಾಗಲೆಲ್ಲ ಪರಪ್ಪನನ್ನು ಹೊಗಳುತ್ತಿದ್ದರು, ಉಸಿರು ಸಿಗದಾಗ ಅವನ ವಂಶವನ್ನು ಬೈಯುತ್ತಿದ್ದರು.

ಪ್ರತಿ ಗುಡ್ಡದ ತಲೆಯ ಮೇಲೆ ಸಾಹೇಬರು ಎಲ್ಲಿ ಎನ್ನುವರು. ಪರಪ್ಪ ಮುಂದಿನ ಗುಡ್ಡದ ಕಡೆ ಕೈಮಾಡುವನು. ಹೆಂಗಸರು ಮಾತ್ರ ಎಲ್ಲೂ ಕೂರಲಿಲ್ಲ. ಅವರಿಗೆ ಇಂಥ ದೂರ ದಿನದ ಕೆಲಸ.

ಮೂರನೆಯ ಗುಡ್ಡದ ಅಂಚಿನಲ್ಲಿ ನೆಲ ಮುಗಿಯಿತು. ಕೆಳಗೆ ಆಳವಾದ ಕೊರಕಲು, ಅದರ ಆಚೆ ನೆಟ್ಟಗೆ ನಿಂತ ಕರಿಯ ಬಂಡೆ. ಪರಪ್ಪನ ಮುಖದ ಮೇಲೆ ಬೆವರು ಕೂಡ ನಿಂತುಹೋಗಿತ್ತು. ಮುಂದೆ ತೋರಿಸಲು ಗುಡ್ಡ ಉಳಿದಿರಲಿಲ್ಲ. ಅಷ್ಟರಲ್ಲಿ ಸಾಹೇಬರು ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು.

“ಆಹಾ! ಅಲ್ಲಿದೆ ನೋಡಿ. ಬೇಸಗೆಯಲ್ಲೂ ಬತ್ತಿಲ್ಲ!”

ನಾವೆಲ್ಲ ನೋಡಿದೆವು. ಎದುರಿನ ಬಂಡೆಯ ಮೇಲಿಂದ ಕೆಳಗಿನವರೆಗೆ ಗೇಣಗಲದ ಬಿಳಿಯ ಪಟ್ಟಿ ಇಳಿದಿತ್ತು. ಬಿಸಿಲಿನ ಝಳಕ್ಕೆ ಅದು ಹರಿಯುವಂತೆ ನಡುಗುತ್ತಿತ್ತು. ಪರಪ್ಪನ ಸೀರೆಯೇ ಅಲ್ಲಿ ಒಣಹಾಕಿದಂತಿತ್ತು. ಆ ಬಂಡೆಯ ಸಂದಿಗಳಲ್ಲಿ ರಣಹದ್ದುಗಳು ಗೂಡು ಕಟ್ಟಿರುವುದು ಕಣ್ಣಿದ್ದವರಿಗೆ ಕಾಣುವಂತಿತ್ತು. ತಲೆಮಾರುಗಳಿಂದ ಅವು ಅದೇ ಜಾಗದಿಂದ ಬಿಳಿಯ ಹಿಕ್ಕೆ ಹಾಕುತ್ತ ಬಂದಿದ್ದವು.

ಎತ್ತು ಮೇಯಿಸಲು ಆ ಕಡೆ ಅಲೆದಿದ್ದ ಇಸ್ಮಾಯಿಲಸಾಬ, ಅದು ಹದ್ದಿನ... ಎಂದು ಶುರು ಮಾಡಿದ. ಮಲ್ಲೇಶಪ್ಪನವರು ಅವನ ಕಾಲು ತುಳಿದು, ಸಾಹೇಬ ಖುಷಿ ಆಗ್ಯಾನ, ಬಾವಿ ಬಂತು, ಬಾಯಿ ಮುಚ್ಚು ಎಂದು ಪಿಸುಗುಟ್ಟಿದರು. ಓಣಿಗೆ ಓಣಿಯೇ, ಹೌದ್ರಿ ಸಾಹೇಬ್ರ, ಅದ ರಿ, ಹಗಲೂ ರಾತ್ರಿ ಹಿಂಗ ಬೀಳತೈತ್ರಿ ಎಂದು ಕೂಗಿತು. ಹಿರಿಯರಿಬ್ಬರು ಚಿಕ್ಕಂದಿನಲ್ಲಿ ಅದರ ಕೆಳಗೆ ಈಸಿದ್ದನ್ನೂ ಸೇರಿಸಿದರು. ಪರಪ್ಪ ತನ್ನ ಸುಳ್ಳು ಖರೇ ಆದದ್ದನ್ನು ಕಂಡು, ಅದನ್ನು ಮಾಡಿದವನು ತಾನೇ ಎಂಬಂತೆ ಎದೆ ಸೆಟೆಸಿ ನಿಂತ.

ಆಗ ಸಾಹೇಬರ ಕಣ್ಣು ಹೆಂಗಸರ ಮೇಲೆ, ಅವರ ಟೊಂಕದ ಕೊಡಗಳ ಮೇಲೆ ಬಿತ್ತು. ಅವರು ವೀರವ್ವನನ್ನು ಹತ್ತಿರ ಕರೆದು, ದಿನಾ ನೀರಿಗೆ ಹೋಗುತ್ತೀರಾ ತಾಯಿ ಎಂದು ಮೆತ್ತಗೆ ಕೇಳಿದರು. ವೀರವ್ವ ಎದುರಿನ ಬಂಡೆಯನ್ನೇ ನೋಡುತ್ತಿದ್ದಳು. ಸಾಹೇಬರ ಪ್ರಶ್ನೆ ಕಿವಿಗೆ ಬಿದ್ದದ್ದೇ ಬಾಯಿಪಾಠ ತಾನಾಗಿ ಹೊರಬಂತು.

“ಮುಂಜಾನಿ ಒಮ್ಮೆ, ಸಂಜಿ ಒಮ್ಮೆ ನಡೀತೀವ್ರಿ ಸಾಹೇಬ್ರ. ಭಾಳ ದೂರ ಆಗತೈತ್ರಿ. ಮಳಿ ಇರಲಿ, ಬಿಸಲಿರಲಿ, ಬಸರಿ ಇರಲಿ, ಬಾಣಂತಿ ಇರಲಿ, ಬಿಡಾಂಗಿಲ್ರಿ.”

ಸಾಹೇಬರ ಕಣ್ಣು ಒದ್ದೆಯಾಯಿತು. ಕೆಟ್ಟವರಲ್ಲ ಅವರು. ಕೆಟ್ಟವರಾಗಿದ್ದರೆ ಏನಾದರೂ ಮಾಡಬಹುದಿತ್ತು.

“ನನಗೆ ಗೊತ್ತಾಯಿತು ತಾಯಿ. ಇಂಥ ಅಮೃತದಂಥ ನೀರು ದೇವರು ನಿಮಗೆ ಕೊಟ್ಟಿದ್ದಾನೆ, ದಾರಿ ಮಾತ್ರ ಕೊಟ್ಟಿಲ್ಲ. ಅದನ್ನು ನಾನು ಮಾಡಿಸಿಕೊಡುತ್ತೇನೆ.” ಅವರು ಎಲ್ಲರ ಕಡೆ ತಿರುಗಿ ಮುಂದುವರಿಸಿದರು. “ಬಾವಿ ಆ ಹಳ್ಳಿಗೆ ಹೋಗಲಿ. ಪಾಪ, ಅಲ್ಲಿ ಏನೂ ಇಲ್ಲ.”

ಸಿಪಾಯಿ ಚಪ್ಪಾಳೆ ತಟ್ಟಿದ. ಒಬ್ಬನೇ ತಟ್ಟುತ್ತಿರುವುದು ತಿಳಿದ ಮೇಲೆ ನಿಲ್ಲಿಸಿದ. ಮಾಸುಮಬಿ ಟೊಂಕದ ಕೊಡವನ್ನು ಇಳಿಸಿ ಬಂಡೆಯ ಮೇಲೆ ಇಟ್ಟು, ಅದರ ಪಕ್ಕದಲ್ಲೇ ಕೂತುಬಿಟ್ಟಳು. ವೀರವ್ವ ಗಂಡನ ಕಡೆ ನೋಡಿದಳು. ಪರಪ್ಪ ಆ ನೋಟದ ಎದುರು ಒಂದು ಕ್ಷಣ ನಿಂತ. ಆಮೇಲೆ ಮುಳ್ಳುಕಂಟಿ ದಾಟಿ ಸಾಹೇಬರ ಮುಂದೆ ಹೋಗಿ, ಕೈ ಮುಗಿದು, ಹುಟ್ಟಿದಾಗಿನಿಂದ ಅವನ ಬಾಯಿಗೆ ಬಾರದಿದ್ದ ಮಾತನ್ನು ಆಡಿದ.

“ತಪ್ಪಾತ್ರಿ ಸಾಹೇಬ್ರ. ಅಲ್ಲಿ ನೀರಿಲ್ರಿ. ಅದು ಹದ್ದಿನ ಹಿಕ್ಕಿ. ದಿಡಗು ಅಂದದ್ದ ಸುಳ್ರಿ. ಸೀರ್ಯಾಗ ನಾ ತಪ್ಪು ಕಂಡಿಕಿ ಹಾಕಿದ್ನಿ.”

ಸಾಹೇಬರು ಮೊದಲು ದಂಗಾದರು, ಆಮೇಲೆ ನಗತೊಡಗಿದರು. ಪರಪ್ಪನ ಬೆನ್ನು ತಟ್ಟಿ, ನೀನು ಬಹಳ ಜಾಣ, ಬಾವಿಯೂ ಬೇಕು ಜಲಪಾತವೂ ಬೇಕು ಅಲ್ಲವೇ ಎಂದರು. ಈಗ ತಾನೇ ಊರಿನ ಹಿರಿಯರೆಲ್ಲ ಅದು ನೀರು ಎಂದು ಒಪ್ಪಿದ್ದಾರಲ್ಲ, ಹಾಗಾದರೆ ಅವರೆಲ್ಲ ಸರಕಾರಕ್ಕೆ ಸುಳ್ಳು ಹೇಳಿದರೇ ಎಂದು ಕೇಳಿದರು. ಪರಪ್ಪ ಹಿಂದೆ ತಿರುಗಿ ನಮ್ಮನ್ನೆಲ್ಲ ನೋಡಿದ. ಸರಕಾರ ಎಂಬ ಮಾತು ಕೇಳಿದ ಕೂಡಲೇ ಹಿರಿಯರಿಗೆ ಮುಳ್ಳು ತೆಗೆದುಕೊಳ್ಳುವ ಕೆಲಸ ಬಂತು. ಮಲ್ಲೇಶಪ್ಪನವರು ಆಕಾಶ ನೋಡಿ ಹೊತ್ತಾಯಿತು ಎಂದರು. ಇಸ್ಮಾಯಿಲಸಾಬನೊಬ್ಬ, ಅವಾ ಅನ್ನೂದು ಖರೇ ಅದ ರಿ ಎಂದ. ಇವರಿಬ್ಬರೂ ಎದುರುಬದುರು ಮನೆಯವರೇ ಎಂದು ಸಿಪಾಯಿ ಸಾಹೇಬರ ಕಿವಿಯಲ್ಲಿ ತಿಳಿಸಿದ. ಹತ್ತಿರ ಹೋಗಿ ನೋಡೋಣವೆಂದರೆ ನಡುವೆ ಕೊರಕಲು, ಸಾಹೇಬರ ಬೂಟೂ ಅಷ್ಟರಲ್ಲಿ ಬಾಯಿಬಿಟ್ಟಿತ್ತು. ಎಲ್ಲರೂ ಇಳಿದೆವು. ಖಾಲಿ ಕೊಡ ಇಳಿಜಾರಿನಲ್ಲಿ ತುಂಬಿದ ಕೊಡಕ್ಕಿಂತ ಹೆಚ್ಚು ತೊಡರುತ್ತದೆ ಎಂದು ಹೆಂಗಸರು ಅವತ್ತು ಕಲಿತರು.

ಮಳೆಗಾಲಕ್ಕೆ ಮುಂಚೆಯೇ ಆಚೆಯ ಹಳ್ಳಿಯಲ್ಲಿ ಬಾವಿ ಆಯಿತು. ಒಳ್ಳೆಯ ಸಿಹಿನೀರು ಬಿತ್ತಂತೆ. ಸಾಹೇಬರು ಮಾತು ತಪ್ಪುವವರಲ್ಲ, ನಮಗೂ ದಾರಿ ಬಂತು. ಮೊದಲ ಗುಡ್ಡದ ಅರ್ಧದವರೆಗೆ ಕಲ್ಲು ಜೋಡಿಸಿ, ಸುಣ್ಣ ಬಳಿದು, ಬುಡದಲ್ಲಿ ‘ಜಲಪಾತಕ್ಕೆ ದಾರಿ’ ಎಂಬ ಹಲಗೆ ನೆಟ್ಟರು. ಅಷ್ಟರಲ್ಲಿ ಸಾಹೇಬರಿಗೆ ವರ್ಗವಾಯಿತು, ದಾರಿಯೂ ನಿಂತಿತು. ಈಗ ಅದರ ಮೇಲೆ ಆಡುಗಳು ಓಡಾಡುತ್ತವೆ. ರಜೆಯ ದಿನ ನರೇಗಲ್ಲಿನ ಕಡೆಯಿಂದ ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಮುಳ್ಳಿನಲ್ಲಿ ಅಲೆದು, ಏನೂ ಕಾಣದೆ, ಕಾಣಲಿಲ್ಲ ಎನ್ನಲು ನಾಚಿ, ಊರಿಗೆ ಹೋಗಿ ದಿಡಗು ಬಹಳ ಚಲೋ ಇತ್ತು ಎನ್ನುತ್ತಾರೆ. ಅದಕ್ಕೇ ಮುಂದಿನ ರಜೆಗೆ ಇನ್ನಷ್ಟು ಜನ ಬರುತ್ತಾರೆ. ಅವರು ದಾರಿಯಲ್ಲಿ ಕುಡಿಯಲು ನೀರು ಕೇಳುವುದು ನಮ್ಮ ಓಣಿಯ ಹೆಂಗಸರನ್ನು.

ದಿಡಗಿನ ನಮೂನೆಗೆ ಬಹಳ ಗಿರಾಕಿ ಬಂತು. ಬಾವಿ ಬಂದ ಹಳ್ಳಿಯವರೇ ಮದುವೆಗೆಂದು ಹೇಳಿ ನೇಯಿಸಿದರು. ಪರಪ್ಪ ನೇಯುತ್ತಿದ್ದ, ಆದರೆ ಮಾತಾಡುತ್ತಿರಲಿಲ್ಲ. ಗೋಡೆ ಎತ್ತಿಸುವ ವಿಚಾರವನ್ನು ನಾನು ಬಿಟ್ಟೆ. ಒಂದು ದಿನ ವೀರವ್ವ ಬಿಳಿ ಕಂಡಿಕೆ ಸುತ್ತುವುದನ್ನು ನಡುವೆಯೇ ನಿಲ್ಲಿಸಿ ಕೊಡ ಎತ್ತಿಕೊಂಡಳು. ಉಳಿದದ್ದನ್ನು ಯಾರು ಸುತ್ತಬೇಕು ಎಂದು ಪರಪ್ಪ ಕೇಳಿದ.

“ನಿಮ್ಮ ದಿಡಗಿಗೆ ನೀರು ಬಂದ ದಿನ ಕುಂತ ಸುತ್ತತೀನ್ರಿ. ಅಲ್ಲೀತನಕ ನಿಮ್ಮ ಕಂಡಿಕಿ ನೀವ ಸುತ್ಕೋರಿ.”

ಅವನು ತಾನೇ ಸುತ್ತಿದ. ಯಾವುದೋ ಯೋಚನೆಯಲ್ಲಿ, ಬಿಳಿಯ ಪಟ್ಟಿ ಶುರುವಾದ ಮೇಲೆ ಕರಿಯ ಕಂಡಿಕೆ ಹಾಕಿದ, ಆಮೇಲೆ ನೆನಪಾಗಿ ಮತ್ತೆ ಬಿಳಿ ಹಾಕಿದ. ಸೀರೆಯಲ್ಲಿ ಬಿಳಿಯ ಎರಡು ಗೆರೆ ದಂಡೆಗಳಂತೆ ನಿಂತವು, ನಡುವೆ ನೀರಿರಬೇಕಾದ ಜಾಗ ಕರ್ರಗೆ ಉಳಿಯಿತು. ಮಲ್ಲೇಶಪ್ಪನವರು ಅದನ್ನು ಬೆಳಕಿಗೆ ಹಿಡಿದು, ಆಸೆಯಿಂದ, ಇದಕ್ಕೇನು ಹೆಸರು ಪರಪ್ಪ ಎಂದು ಕೇಳಿದರು. ಒಂದು ಹೆಸರು ಹೇಳಿದ್ದರೆ ಅದು ನಮೂನೆಯಾಗುತ್ತಿತ್ತು. ನಾನು ಗೋಡೆಯ ಈಚೆ ಲಾಳಿ ನಿಲ್ಲಿಸಿ ಕಾದೆ.

“ಇದು ತಪ್ರಿ ಸಾವಕಾರ್ರ,” ಎಂದ ಪರಪ್ಪ.

ಅಂಥ ಹೆಸರಿನ ಸೀರೆಯನ್ನು ಯಾರು ಉಡುತ್ತಾರೆ ಎಂದು ಅವರು ಅದನ್ನು ಅವನ ತೊಡೆಯ ಮೇಲೆ ಒಗೆದು ಹೋದರು.

ಹೀಗಾಗಿ ವೀರವ್ವನಿಗೆ ಜೀವಮಾನದಲ್ಲಿ ಮೊದಲ ಸಲ ತಮ್ಮ ಮಗ್ಗದ ಸೀರೆ ಉಡಲು ಸಿಕ್ಕಿತು. ಅದನ್ನುಟ್ಟೇ ಅವಳು ನೀರಿಗೆ ಹೋಗುತ್ತಾಳೆ. ತೋಟದ ಬಾವಿಯಿಂದ ತಿರುಗಿ ಬರುವಾಗ ಟೊಂಕದ ಕೊಡ ತುಳುಕಿ, ಎರಡು ಬಿಳಿ ದಂಡೆಗಳ ನಡುವೆ ನೀರು ಪಾದದವರೆಗೆ ಇಳಿಯುತ್ತದೆ. ನಮ್ಮ ಊರಿನ ದಿಡಗು ಅಷ್ಟೇ, ಅದನ್ನೂ ಅವಳೇ ಹೊತ್ತು ತರಬೇಕು.